ಬಲಗಡೆ ಹಿಂದಿನ ಸ್ಪೀಕರ್

ಸ್ಪೀಕರುಗಳಿಗೆ ಸದ್ದು ಹಂಚುವ ರಿಸೀವರಿಗೆ ಇಪ್ಪತ್ತೆರಡು ಸಾವಿರ. ಐದು ಸ್ಪೀಕರು, ನೆಲದ ಮೇಲೆ ಕೂತು ಗುಡುಗುವ ಆ ಕರಿಯ ಡಬ್ಬ ಸೇರಿ ಹದಿನಾರೂವರೆ. ಗೋಡೆಗೆ ಬಡಿಯುವ ಸ್ಟ್ಯಾಂಡುಗಳಿಗೆ ಒಂಬೈನೂರು. ಬೆಳಕಿನಲ್ಲಿ ಸದ್ದನ್ನು ಸಾಗಿಸುತ್ತದೆ ಎಂದು ಹೇಳಿ ಮಾರಿದ, ಸೆಣಬಿನ ಹುರಿಯಷ್ಟೂ ದಪ್ಪವಿಲ್ಲದ ಎರಡು ಕೇಬಲ್ಲಿಗೆ ಸಾವಿರದ ಆರುನೂರು. ಮಗ ಆಶ್ರಿತನ ಗೇಮ್ ಪೆಟ್ಟಿಗೆಗಳ ಲೆಕ್ಕ ಬೇರೆ; ಹಳೆಯದು ಸೋದರಮಾವ ಕೊಡಿಸಿದ್ದು, ಹೊಸದು ಅಜ್ಜಿಯ ದುಡ್ಡು. ಇಷ್ಟೆಲ್ಲ ಸುರಿದ ಮೇಲೂ ಬಲಗಡೆ ಹಿಂದಿನ ಸ್ಪೀಕರು ಬಾಯಿ ಬಿಡುವುದಿಲ್ಲ ಎಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ. ಚಕ್ರಪಾಣಿ ಬಿಲ್ಲನ್ನು ಮಡಿಸಿದ, ಮತ್ತೆ ಬಿಚ್ಚಿದ, ಇನ್‌ಸ್ಟಲೇಷನ್ ಉಚಿತ ಎಂದು ಬರೆದಿದ್ದ ಸಾಲನ್ನು ಉಗುರಿನಿಂದ ಗೀರಿದ. ಉಚಿತವಾದ್ದರಿಂದಲೇ ಅಂಥವನನ್ನು ಕಳಿಸಿದರು. ಬೆಳಗಿನ ಹನ್ನೊಂದು ಗಂಟೆಯ ಬಿಸಿಲು ಕಿಟಕಿಯ ಸರಳುಗಳಿಂದ ಇಳಿದು ಹೊಸ ರಿಸೀವರಿನ ಮೇಲೆ ಬಿದ್ದಿತ್ತು. ಅದರ ಮೇಲೆ ಎರಡೇ ವಾರದಲ್ಲಿ ಕೂತ ಧೂಳು ಕಾಣುತ್ತಿತ್ತು, ಧೂಳಿನಲ್ಲಿ ಯಾರದೋ ನಾಲ್ಕು ಬೆರಳಿನ ಗುರುತು. ಅವನದೇ ಇರಬೇಕು, ಅಂಗಡಿಯಿಂದ ಜೋಡಿಸಲು ಬಂದಿದ್ದ ಆ ಸಂಗಮೇಶನದು. ಎಲ್ಲದರ ಮೇಲೂ ಕೈಯಿಟ್ಟು ಹೋಗಿದ್ದಾನೆ.

ರಿಸೀವರ್ ಎಂಬ ಮಾತೇ ಚಕ್ರಪಾಣಿಯನ್ನು ಕೆಣಕುತ್ತಿತ್ತು. ಮೂವತ್ತು ವರ್ಷ ಅವನು ಟೆಲಿಫೋನ್ ಕಾರ್ಖಾನೆಯಲ್ಲಿ ರಿಸೀವರ್ ಪರೀಕ್ಷೆ ಮಾಡಿದವನು. ಜಯನಗರದಿಂದ ಕಾರ್ಖಾನೆಯ ಬಸ್ಸು ಹತ್ತಿ, ಒಂದೂ ಕಾಲು ಗಂಟೆ ತೂಕಡಿಸಿ, ಇಳಿದು, ಬೆಂಚಿನ ಮುಂದೆ ಕೂತರೆ ದಿನಕ್ಕೆ ಮುನ್ನೂರು ರಿಸೀವರುಗಳು ಅವನ ಬಲಗಿವಿಗೆ ಬಂದು ಹೋಗುತ್ತಿದ್ದವು. ಒಳಗಿನ ಗುಂಯ್ ಎಂಬ ಸದ್ದಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಅವನಿಗೆ ತಿಳಿಯುತ್ತಿತ್ತು. ಕೆಂಪು ಮುದ್ರೆ ಒತ್ತಿ ಪಕ್ಕಕ್ಕೆ ಎಸೆಯುತ್ತಿದ್ದ. ಕಿವಿ ಚಕ್ರಪಾಣಿ ಎಂದು ಕ್ಯಾಂಟೀನಿನಲ್ಲಿ ಕರೆಯುತ್ತಿದ್ದರು, ಹೊಗಳಿಕೆಯೋ ಚೇಷ್ಟೆಯೋ ಅವನು ವಿಚಾರಿಸಲು ಹೋಗಿರಲಿಲ್ಲ. ಅಂಥವನ ಮುಂದೆ, ಇಳಕಲ್ಲಿನ ಕಡೆಯಿಂದ ಬಂದು ಬಿಟಿಎಮ್ಮಿನಲ್ಲಿ ಎರಡು ಕೋಣೆ ಬಾಡಿಗೆ ಹಿಡಿದ, ತಲೆಯ ಎರಡು ಬದಿಯೂ ನರೆತ ಒಬ್ಬ ಆಳು ನಿಂತು, ಸ್ಪೀಕರ್ ಚಲೋ ಅದ ಸರ್ರ ಎನ್ನುವುದೆಂದರೇನು. ಮೊದಲ ದಿನವೇ ಅವನು ವೈರುಗಳ ಗಂಟನ್ನು ನೆಲದ ಮೇಲೆ ಹರಡಿಕೊಂಡು ಪಾಠ ಶುರು ಮಾಡಿದ್ದ. ಗೇಮಿನ ಚಿತ್ರ ಟಿವಿಗೆ ಹೋಗಬೇಕಂತೆ, ಸದ್ದು ಮಾತ್ರ ಸೀದಾ ರಿಸೀವರಿಗೆ ಬರಬೇಕಂತೆ, ಟಿವಿಯನ್ನು ಹಾದು ಬಂದರೆ ಐದು ದಿಕ್ಕಿನ ಸದ್ದು ಸೊರಗಿ ಎರಡೇ ಆಗುತ್ತದಂತೆ. ಕೇಬಲ್ಲಿನ ತುದಿಯ ಮುಚ್ಚಳ ತೆಗೆದು, ಅದರಲ್ಲಿ ಬೆಂಕಿಕಡ್ಡಿಯ ಕೆಂಡದಂಥ ಕೆಂಪು ಚುಕ್ಕೆಯನ್ನು ತೋರಿಸಿ, ಇದರಾಗ ಹೊಂಟೈತಿ ನೋಡ್ರಿ ಸೌಂಡು ಎಂದು ಮಕ್ಕಳಿಗೆ ತೋರಿಸುವಂತೆ ತೋರಿಸಿದ್ದ. ಆಶ್ರಿತ್ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ಏಣಿ ಏರಿ, “ಈಗ ಹಿಂದಿನ್ವು ಎರಡೂ ಹಚ್ತೀನ್ರಿ” ಎಂದಾಗ ಚಕ್ರಪಾಣಿಗೆ ತಡೆಯಲಾಗಲಿಲ್ಲ.

“ಹಚ್ತೀಯಾ? ಏನಯ್ಯಾ, ಬೆಂಕಿನಾ?”

ತಾನೇ ನಕ್ಕ. ಸಂಗಮೇಶ ಏಣಿಯ ಮೇಲಿಂದ ತಿರುಗಿ ನೋಡಿ, ಅರ್ಥವಾಗಿ, ತುಟಿ ಬಿಗಿದು ಸ್ಕ್ರೂ ತಿರುಗಿಸತೊಡಗಿದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ವಿಮಲಾ ನಗಲಿಲ್ಲ. ಅವಳು ನಗದೇ ಇದ್ದದ್ದು ಆ ದಿನವಿಡೀ ಅವನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡಿತ್ತು.

ಆಮೇಲಿನ ಭಾನುವಾರ ಆಶ್ರಿತ್ ಅವನನ್ನು ಸೋಫಾದ ನಡುವೆ ಕೂರಿಸಿ ಕೈಗೆ ಆಟದ ಹಿಡಿಕೆ ಕೊಟ್ಟ. ಪಾಳುಬಿದ್ದ ಒಂದು ಕಾರ್ಖಾನೆ, ಹೊಗೆ, ಕತ್ತಲು. ಶತ್ರು ಕಾಣಿಸುವುದಕ್ಕೆ ಮೊದಲೇ ಅವನ ಹೆಜ್ಜೆ ಕೇಳಿಸುತ್ತದೆ, ಕೇಳಿದ ಕಡೆಗೆ ತಿರುಗಿ ಹೊಡೆಯಬೇಕು, ಅದಕ್ಕೇ ಇಷ್ಟು ಸ್ಪೀಕರು ಎಂದು ಮಗ ವಿವರಿಸಿದ. ಚಕ್ರಪಾಣಿಗೆ ಹೆಜ್ಜೆ ಕೇಳಿಸಿತು, ಎಡಕ್ಕೆ ತಿರುಗಿದ, ಬಲಗಡೆಯಿಂದ ಬಂದವನು ಅವನನ್ನು ಕೊಂದ. ಮತ್ತೆ ಕೇಳಿಸಿತು, ಮತ್ತೆ ಎಡಕ್ಕೆ ತಿರುಗಿದ, ಮತ್ತೆ ಸತ್ತ. ಹನ್ನೊಂದು ಸಲ. ಮಗ ಸೋಫಾದ ಮೇಲೆ ಹೊರಳಾಡಿ ನಕ್ಕು, “ಏನ್ ಗುರು ನೀನು, ಅಪ್ಪ! ಎಲ್ಲಾ ಎಡಗಡೆಗೇ ತಿರುಗ್ತೀಯಲ್ಲ” ಎಂದ. ಮಗನ ಬಾಯಲ್ಲಿ ಗುರು ಎನ್ನಿಸಿಕೊಂಡದ್ದಕ್ಕಲ್ಲ, ಆ ನಗುವಿಗೆ, ನಕ್ಕ ಮೇಲೆ ಒಂದು ಗಳಿಗೆ ಅವನು ಅಪ್ಪನ ಮುಖವನ್ನು ಸುಮ್ಮನೆ ನೋಡಿದ್ದಕ್ಕೆ, ಚಕ್ರಪಾಣಿ ಹಿಡಿಕೆಯನ್ನು ಟೀಪಾಯಿಯ ಮೇಲೆ ಕುಕ್ಕಿದ. ವೈರು ಅದಲುಬದಲಾಗಿದೆ, ಬಲದ್ದು ಎಡಕ್ಕೆ ಬರುತ್ತಿದೆ, ಆ ದಡ್ಡ ತಪ್ಪು ಕೊಟ್ಟಿದ್ದಾನೆ ಎಂದ. ನನಗೆ ಸರಿಯಾಗೇ ಕೇಳ್ತಿದೆಯಲ್ಲ ಎಂದ ಮಗನಿಗೆ, ಇಯರ್‌ಫೋನ್ ತುರುಕಿ ತುರುಕಿ ನಿನ್ನ ಕಿವಿ ಕೆಟ್ಟಿದೆ ಎಂದು ಗದರಿದ. ಸಂಗಮೇಶ ಎರಡನೆಯ ಸಲ ಬಂದ. ವೈರು ಸರಿಯಿದೆ ಎಂದ, ಆದರೂ ಹೇಳಿದಂತೆ ಬದಲಿಸಿ ತೋರಿಸಿ ಮತ್ತೆ ಮೊದಲಿನಂತೆ ಮಾಡಿದ, ಸಾಲದೆಂದು ಹೊಸ ವೈರನ್ನೇ ಎಳೆದುಕೊಟ್ಟ. ಸದ್ದು ಮತ್ತೆ ಎಡಗಡೆಯಿಂದಲೇ ಬಂತು. ವೈರಿನದಲ್ಲದಿದ್ದರೆ ಬಲಗಡೆ ಹಿಂದಿನ ಸ್ಪೀಕರೇ ಸತ್ತಿದೆ ಎಂದು ಚಕ್ರಪಾಣಿ ತೀರ್ಮಾನಿಸಿದ. ಪ್ರಪಂಚದ ಸದ್ದೆಲ್ಲ ಈಗ ಎಡಗಡೆಯಿಂದಲೇ ಬರುತ್ತಿತ್ತು. ಎರಡು ತಿಂಗಳ ಹಿಂದೆ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನೆದುರು ರಸ್ತೆ ದಾಟುವಾಗ ಆಟೋದ ಹಾರ್ನು ಎಡದಲ್ಲಿ ಕೇಳಿ ಬಲಕ್ಕೆ ಸರಿದ, ಆಟೋ ಬಲಗಡೆಯಿಂದಲೇ ಬಂದು ಅವನ ಚೀಲ ಹರಿದುಕೊಂಡು ಹೋಯಿತು. ಹುರುಳಿಕಾಯಿ ರಸ್ತೆಯ ಮೇಲೆಲ್ಲ ಚೆಲ್ಲಿತು. ಹಾರ್ನ್ ಹೊಡೆದದ್ದು ಎಡಗಡೆಯ ಇನ್ಯಾರೋ, ನೀನು ಹೊಡೆದಿಲ್ಲ ಎಂದು ಡ್ರೈವರನ ಜೊತೆ ಅವನು ಜಗಳಕ್ಕೆ ನಿಂತಾಗ ಹೂವಿನವಳು, ಹೊಡೆದನಲ್ಲ ಸಾರ್, ನಾವೆಲ್ಲ ಕೇಳಿಲ್ವಾ ಎಂದಳು. ಆ ಹೂವಿನವಳ ಹತ್ತಿರ ಅವನು ಮತ್ತೆ ಹೂವು ಕೊಂಡಿಲ್ಲ.

ಒಂದು ಸಲ ಕಿವಿ ಡಾಕ್ಟರ ಕ್ಲಿನಿಕ್ಕಿಗೂ ಹೋಗಿದ್ದ. ಯಾರಿಗೂ ಹೇಳದೆ. ಬೆಂಚಿನ ಮೇಲೆ ಕೂತಿದ್ದ. ಎದುರು ಕೂತ ಒಬ್ಬ ಹುಡುಗಿ ಅವನ ಮೊಣಕಾಲು ಮುಟ್ಟಿ, ಅಂಕಲ್, ನಿಮ್ಮನ್ನ ಆಗಿನಿಂದ ಕರೀತಿದಾರೆ ಎಂದಳು. ನೋಡಿದರೆ ಬಲಗಡೆಯ ಕಿಂಡಿಯಲ್ಲಿ ನರ್ಸು, ಅವನ ಹೆಸರು ಕೂಗಿ ಕೂಗಿ ಬೇಸತ್ತ ಮುಖ. ಬೆಂಚಿನವರೆಲ್ಲ ನೋಡುತ್ತಿದ್ದರು, ಮರುಕದಿಂದ, ಕಿವಿಯ ರೋಗಿಗಳೇ. ಚಕ್ರಪಾಣಿ ಎದ್ದ, ಕಿಂಡಿಯ ಕಡೆ ಹೋಗದೆ ಬಾಗಿಲ ಕಡೆ ಹೋದ, ಚಪ್ಪಲಿ ಮೆಟ್ಟಿದ, ಮನೆಗೆ ಬಂದ. ಮೆತ್ತಗೆ ಕರೆದರೆ ಯಾರಿಗೆ ಕೇಳಿಸುತ್ತದೆ. ಸಂಬಳ ತಗೊಳ್ಳುವುದಿಲ್ಲವೇ, ಬಾಯಿ ಬಿಟ್ಟು ಕರೆಯಬಾರದೇ.

ಮೊನ್ನೆ ಸೋಮವಾರ ಅಂಗಡಿಗೆ ಫೋನು ಮಾಡಿದ. ಅಂಗಡಿಯ ಸಂಜೀವಯ್ಯ ಸಾರ್ ಸಾರ್ ಎನ್ನುತ್ತ ಕೇಳಿಸಿಕೊಂಡ. ಮೂರನೆಯ ಸಲವೂ ಅವನನ್ನೇ ಕಳಿಸುತ್ತೇನೆ ಎಂದಾಗ ಚಕ್ರಪಾಣಿಯ ನಾಲಿಗೆಗೆ ಅದು ಹೇಗೆ ಬಂತೋ ಬಂತು. ಅವನು ಕೆಲಸ ತಿಳಿಯದವನಲ್ಲ, ತಿಳಿದೇ ಮಾಡಿದ್ದಾನೆ. ಹೊಸ ಸ್ಪೀಕರು ಹೊತ್ತುಕೊಂಡು ಹೋಗಿ ಯಾವುದೋ ಸತ್ತ ಸ್ಪೀಕರನ್ನು ಗೋಡೆಗೆ ಸಿಕ್ಕಿಸಿದ್ದಾನೆ. ನಿಮ್ಮ ಅಂಗಡಿಯ ಮಾನ ಉಳಿಯಬೇಕಾದರೆ ವಿಚಾರಿಸಿ. ಹೇಳುವಾಗ ಅದು ನಿಜವೇ ಅನ್ನಿಸಿತ್ತು. ಫೋನಿಟ್ಟ ಮೇಲೂ ಅರ್ಧ ಗಂಟೆ ನಿಜವೇ ಅನ್ನಿಸಿತ್ತು. ಆಮೇಲೆ ಯಲ್ಲಯ್ಯನ ನೆನಪಾಯಿತು. ಯಾಕೆ ಎಂದು ತನ್ನ ಮೇಲೆ ತಾನೇ ರೇಗಿಕೊಂಡ. ಯಲ್ಲಯ್ಯ ಕಾರ್ಖಾನೆಯ ಜೋಡಣೆ ವಿಭಾಗದವನು, ಸಣ್ಣ ಕೈಯವನು, ರಿಸೀವರಿನ ಒಳಗಿನ ತಂತಿ ಬೆಸೆಯುವವನು. ಒಂದು ಬೇಸಿಗೆಯಲ್ಲಿ ಅವನು ಕಳಿಸಿದ ತಟ್ಟೆ ತಟ್ಟೆಯೇ ಕರಕರ ಎಂದಿತು. ಚಕ್ರಪಾಣಿ ನಾನೂರು ರಿಸೀವರಿಗೆ ಕೆಂಪು ಮುದ್ರೆ ಒತ್ತಿದ. ಯಲ್ಲಯ್ಯನಿಗೆ ಆ ತಿಂಗಳ ಇನ್ಸೆಂಟಿವ್ ಹೋಯಿತು, ಮೇಸ್ತ್ರಿ ಎಲ್ಲರೆದುರು ಬೈದ, ಯಲ್ಲಯ್ಯ ಚಕ್ರಪಾಣಿಯ ಬೆಂಚಿನ ಹತ್ತಿರ ಬಂದು ನಿಂತು ಏನೂ ಹೇಳದೆ ಹೋದ. ನಾಲ್ಕು ದಿನದ ಮೇಲೆ ಚಕ್ರಪಾಣಿಗೆ ಸಿಕ್ಕಿತು: ದೋಷ ಅವನ ಬೆಂಚಿನ ಪರೀಕ್ಷೆಯ ತಂತಿಯಲ್ಲೇ ಇತ್ತು, ಒಳಗೆ ಅರ್ಧ ಹರಿದಿತ್ತು. ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ತಂತಿ ಬದಲಾಯಿಸಿದ. ಹಳೆಯದನ್ನು ಊಟದ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ತಂದು ಬಿಸಾಕಿದ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಗೇಟಿನ ಸದ್ದು ಅವನಿಗೆ ಕೇಳಲಿಲ್ಲ. ವಿಮಲಾ ಬಂದು, ಅವರು ಬಂದಿದಾರೆ ನೋಡಿ ಎಂದಾಗ ಎದ್ದ. ಸಂಗಮೇಶ ಬಾಗಿಲಲ್ಲಿದ್ದ. ಅಂಗಡಿಯ ನೀಲಿ ಟೀ ಶರ್ಟು ಇರಲಿಲ್ಲ. ಇಸ್ತ್ರಿ ಮಾಡಿದ ಚೌಕಳಿ ಅಂಗಿ, ತೋಳು ಕೆಳಗಿಳಿಸಿ ಗುಂಡಿ ಹಾಕಿದ್ದ. ಕೈಯಲ್ಲಿ ಸಲಕರಣೆಯ ಚೀಲವೂ ಇಲ್ಲ. ಅಂಗಡಿಯವರು ಕಳಿಸಿದರೇನು ಎಂದು ಚಕ್ರಪಾಣಿ ಕೇಳಿದ. ಇಲ್ಲ, ನಿನ್ನೆಯಿಂದ ಅಂಗಡಿಗೆ ಬರಬೇಡ ಎಂದಿದ್ದಾರೆ, ಗಿರಾಕಿ ಸ್ವತಃ ಫೋನು ಮಾಡಿ ಸರಿಯಿದೆ ಎಂದರೆ ಬಾ, ಇಲ್ಲವೆಂದರೆ ಸ್ಪೀಕರಿನ ಬೆಲೆ ಕಟ್ಟಿ ಹೋಗು ಎಂದಿದ್ದಾರೆ ಎಂದು ಅವನು ಸಮಾಧಾನವಾಗಿಯೇ ಹೇಳಿದ. ಸಮಾಧಾನದ ಕೆಳಗೆ ಏನಿದೆ ಎಂಬುದು ಚಪ್ಪಲಿ ಕಳಚಿದ ರೀತಿಯಲ್ಲಿ ಕಾಣುತ್ತಿತ್ತು. ಒಂದು ಚಪ್ಪಲಿ ಮೆಟ್ಟಿಲಿನಿಂದ ಜಾರಿ ತುಳಸಿಗಿಡದ ಬುಡಕ್ಕೆ ಬಿತ್ತು, ಅವನು ತಿರುಗಿ ನೋಡಲಿಲ್ಲ.

“ನನ್ನ ಮ್ಯಾಲ ಕಳವಿನ ಮಾತು ಬಂದೈತ್ರಿ. ನಿಮ್ಮ ಮುಂದನ ಒಮ್ಮೆ ಚೆಕ್ ಮಾಡಿ ತೋರಸ್ತೀನಿ. ಹತ್ತು ಮಿನಿಟು.”

ವಿಮಲಾ, ಬನ್ನಿ, ಕೂತ್ಕೊಳ್ಳಿ, ಕಾಫಿ ತರ್ತೀನಿ ಎಂದು ಒಳಗೆ ಹೋದಳು. ಅವಳು ಕೊಟ್ಟ ಬಹುವಚನ ಚಕ್ರಪಾಣಿಗೆ ತನ್ನ ಕೆನ್ನೆಗೆ ಕೊಟ್ಟಂತಿತ್ತು.

ಸಂಗಮೇಶ ರಿಸೀವರ್ ಚಾಲೂ ಮಾಡಿದ. ಐದು ಸ್ಪೀಕರಿನಲ್ಲೂ ಒಂದೊಂದಾಗಿ, ನಲ್ಲಿಯಲ್ಲಿ ಗಾಳಿ ಬಂದಂತೆ, ಸುಯ್ ಎಂಬ ಸದ್ದು ಬರುತ್ತದೆ. ಯಾವುದರಿಂದ ಬಂತು ಎಂದು ಸಾರ್ ಕೈ ತೋರಿಸಬೇಕು, ಅಷ್ಟೇ. ಚಕ್ರಪಾಣಿ ಸೋಫಾದ ನಡುವೆ ಕೂತ. ಮೂವತ್ತು ವರ್ಷ ತಾನು ಪರೀಕ್ಷೆ ಮಾಡಿದ್ದ. ಇವತ್ತು ಈ ಮನುಷ್ಯ ತನ್ನನ್ನು ಕೂರಿಸಿ ಪರೀಕ್ಷೆ ಮಾಡುತ್ತಾನೆ. ಸದ್ದು ಶುರುವಾಯಿತು. ರಿಸೀವರಿನ ಮುಖದ ಮೇಲೆ ನೀಲಿ ಅಕ್ಷರ ಮೂಡಿತು, ಎಡ ಎಂಬುದಕ್ಕೆ ಎಲ್. ಎಡಕ್ಕೆ ಕೈ ತೋರಿಸಿದ. ಸಿ ಎಂದು ಬಂತು, ನಡುವೆ ತೋರಿಸಿದ. ಆರ್ ಬಂತು, ಬಲಕ್ಕೆ ತೋರಿಸಿದ. ಹಿಂದಿನ ಬಲಕ್ಕೆ ಎಸ್ಸಾರ್ ಎಂದು ಬಂದಾಗ ತಲೆ ತಿರುಗಿಸದೆ ಹೆಬ್ಬೆರಳನ್ನು ಬಲಹೆಗಲ ಮೇಲಿಂದ ಹಿಂದಕ್ಕೆ ಎತ್ತಿ ತೋರಿಸಿದ. ತೋರಿಸಿದ ಮೇಲೆ ಗೊತ್ತಾಯಿತು, ತಾನು ಈಗ ಆ ಸ್ಪೀಕರು ಸರಿಯಿದೆ ಎಂದು ಒಪ್ಪಿಕೊಂಡೆ ಎಂದು. ಆದರೆ ತೋರಿಸದೇ ಇದ್ದರೆ ಇನ್ನೊಂದು ಗೊತ್ತಾಗುತ್ತಿತ್ತು. ಸಂಗಮೇಶ ಒಂದು ಕ್ಷಣ ಅವನ ಕಣ್ಣನ್ನು ನೋಡಿದ, ಕಣ್ಣು ಹೋಗುತ್ತಿದ್ದ ಕಡೆ ನೋಡಿದ. ಪತ್ತೆ ಮಾಡಿದವನ ಮುಖ ಹೇಗಿರುತ್ತದೆಂದು ಚಕ್ರಪಾಣಿಗೆ ಗೊತ್ತಿತ್ತು, ಅದನ್ನು ಮೂವತ್ತು ವರ್ಷ ತಾನೇ ಹೊತ್ತಿದ್ದ. ಸಂಗಮೇಶ ಟೀಪಾಯಿಯ ಮೇಲಿದ್ದ ಅಂದಿನ ಪೇಪರನ್ನು ಎರಡಾಗಿ ಮಡಿಸಿ ರಿಸೀವರಿನ ಮುಖಕ್ಕೆ ಒರಗಿಸಿದ. ನೀಲಿ ಅಕ್ಷರ ಮರೆಯಾಯಿತು.

ಇನ್ನೊಮ್ಮೆ ಎಂದ. ಈ ಸಲ ರಿಮೋಟು ಅವನ ಕೈಯಲ್ಲಿತ್ತು, ಸದ್ದು ಸರದಿಯಲ್ಲಿ ಬರಲಿಲ್ಲ.

ಸುಯ್ ಎಂದಿತು. ಎಡದಿಂದ. ಚಕ್ರಪಾಣಿ ಎಡಕ್ಕೆ ತೋರಿಸಿದ. ಮತ್ತೆ ಸುಯ್ ಎಂದಿತು, ಸ್ವಲ್ಪ ದೂರದಿಂದ, ಎಡದಿಂದ. ಎಡಕ್ಕೆ ತೋರಿಸಿದ. ಕಣ್ಣು ಮುಚ್ಚಿದ. ಮೂರನೆಯದು ಗೋಡೆಯಾಚೆಯಿಂದ ಬಂದಂತೆ ತೆಳ್ಳಗೆ, ಮೇಲೆ, ಎಡದಿಂದ. ಬಲವಿರಬೇಕು ಎಂದು ಲೆಕ್ಕ ಹಾಕಿದ, ತೆಳ್ಳಗಿದ್ದರೆ ಬಲ; ಬಲಕ್ಕೆ ಕೈ ಎತ್ತಿದ; ಅಷ್ಟರಲ್ಲಿ ಸದ್ದು ನಿಂತಿತ್ತು. ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತಲೆಗೂದಲು ಸವರಿಕೊಂಡ. ಆ ಸವರಿಕೆಯಲ್ಲಿ ಅವನಿಗೆ ತನ್ನ ಇಡೀ ಒಂದೂವರೆ ವರ್ಷ ಕಂಡಿತು. ಫೋನು ಬಲಗೈಯಿಂದ ಎಡಗೈಗೆ ಹೋದದ್ದು, ಮದುವೆಮನೆಗಳಲ್ಲಿ ಸಾಲಿನ ಬಲತುದಿ ಹಿಡಿದು ಊಟಕ್ಕೆ ಕೂರತೊಡಗಿದ್ದು, ಯಾರೋ ಏನೋ ಕೇಳಿದಾಗ ಹೌದು ಹೌದು ಎಂದದ್ದು, ಹೌದು ಎಂದ ಮೇಲೆ ಅವರು ವಿಚಿತ್ರವಾಗಿ ನೋಡಿದ್ದು. ಕಣ್ಣು ತೆರೆದಾಗ ಸಂಗಮೇಶ ರಿಮೋಟನ್ನು ಟೀಪಾಯಿಯ ಮೇಲೆ ಮೆತ್ತಗೆ ಇಡುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ವಿಮಲಾ ಎರಡು ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಸಂಗಮೇಶ ಸಿಟ್ಟು ಮಾಡಿದ್ದರೆ ಚಕ್ರಪಾಣಿಗೆ ಅನುಕೂಲವಿತ್ತು. ಕೂಗಾಡಲು ಬಾಯಿ ಸಿದ್ಧವಾಗಿತ್ತು. ಅವನು ಕೂಗಲಿಲ್ಲ. ಸೋಫಾವನ್ನು ಬಳಸಿಕೊಂಡು ಚಕ್ರಪಾಣಿಯ ಎಡಗಡೆಗೆ ಬಂದು, ಬಗ್ಗಿ, ಮಾತಾಡಿದ.

“ಐದೂ ಚಲೋ ಅದಾವ್ರಿ. ಕಳವು ಆಗಿಲ್ಲ ಅಂತ ಅಂಗಡಿಗಿ ಒಂದು ಮಾತು ಹೇಳ್ರಿ, ನನಗ ಅಷ್ಟ ಸಾಕು. ಉಳಿದದ್ದು ನಾ ಯಾರ ಮುಂದೂ ಹೇಳಂಗಿಲ್ರಿ.”

ಹೇಳಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ವಿಮಲಾ ಕಾಫಿಯನ್ನು ಅಲ್ಲಿಗೇ ಒಯ್ದು ಕೊಟ್ಟು ಬಂದಳು. ಉಳಿದದ್ದು! ತನ್ನ ಉಳಿದದ್ದನ್ನು ಈ ಮನುಷ್ಯ ಬಚ್ಚಿಟ್ಟು ಕಾಪಾಡುತ್ತಾನಂತೆ. ಕಳ್ಳ ಎನ್ನಿಸಿಕೊಂಡವನು ತನಗೆ ದಾನ ಮಾಡಿ ಹೋಗಿ ಮೆಟ್ಟಿಲ ಮೇಲೆ ಕೂತಿದ್ದಾನೆ. ಚಕ್ರಪಾಣಿ ಹೆಂಡತಿಯ ಮೇಲೆ ತಿರುಗಿದ. ನೋಡಿದೆಯಾ ಎಂದ. ನೋಡಿದೆ ಎಂದಳು ಅವಳು. ಹೊಸದೇನಲ್ಲ, ಒಂದೂವರೆ ವರ್ಷದಿಂದ ರಸ್ತೆಯಲ್ಲಿ ನಾನು ನಿಮ್ಮ ಎಡಗಡೆಗೇ ನಡೀತಿದೀನಿ, ನಿಮಗೇ ಗೊತ್ತಾಗಿಲ್ಲ ಎಂದಳು.

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳ್ದೆ ರೀ. ಮೊದಲನೇ ಸಲ ಬಲಗಡೆ ನಿಂತು ಹೇಳ್ದೆ. ನೀವು ಹೌದು ಹೌದು ಅಂದ್ರಿ. ಆಮೇಲೆ ಹೇಳೋಕೆ ಮನಸ್ಸಾಗ್ಲಿಲ್ಲ.”

ಅವನು ಫೋನಿನ ಹತ್ತಿರ ಹೋದ. ರಿಸೀವರ್ ಎತ್ತಿದ. ಮುದ್ರೆ ನೋಡಿದ, ತನ್ನ ಕಾರ್ಖಾನೆಯದೇ, ತನ್ನ ಕಾಲದ್ದೇ ಇರಬೇಕು. ಬಲಗಿವಿಗೆ ಒತ್ತಿದ. ಯಾರೂ ನೋಡದಿದ್ದಾಗ ಎಷ್ಟೋ ಸಲ ಹೀಗೆ ಒತ್ತಿ ನೋಡಿದ್ದಾನೆ. ಒಳಗೆ ಏನೂ ಇರಲಿಲ್ಲ, ಬಿರುಕೂ ಇರಲಿಲ್ಲ. ಎಡಕ್ಕೆ ಬದಲಿಸಿ ನಂಬರು ತಿರುಗಿಸಿದ. ಸಂಜೀವಯ್ಯ ಸಿಕ್ಕಿದ, ಹಿಂದೆ ಅಂಗಡಿಯ ಹತ್ತು ಟಿವಿಗಳು ಒಟ್ಟಿಗೆ ಒದರುತ್ತಿದ್ದವು. ಸ್ಪೀಕರಿನದೇನೂ ಇಲ್ಲ, ಕಳವೂ ಇಲ್ಲ, ಒಂದು ವೈರು ಸಡಿಲವಾಗಿತ್ತು ಅಷ್ಟೇ, ಈಗ ಸರಿಹೋಯಿತು ಎಂದ ಚಕ್ರಪಾಣಿ. ಸಲೀಸಾಗಿ ಹೇಳಿದ. ಹಳೆಯ ತಂತಿಯನ್ನು ಊಟದ ಡಬ್ಬಿಯಲ್ಲಿಟ್ಟಷ್ಟೇ ಸಲೀಸಾಗಿ.

ಸಂಜೀವಯ್ಯ, ಹಂಗಾದ್ರೆ ತಪ್ಪು ನಮ್ಮವನದೇ ಆಯ್ತಲ್ಲ ಸಾರ್ ಎಂದ. ಎರಡು ಸಲ ಬಂದರೂ ಒಂದು ವೈರು ನೋಡದವನನ್ನು ಇಟ್ಟುಕೊಂಡು ಏನು ಮಾಡಲಿ, ಕಳ್ಳನಲ್ಲದಿದ್ದರೆ ದಡ್ಡ, ನೀವು ತಲೆ ಕೆಡಿಸಿಕೊಳ್ಳಬೇಡಿ, ಬೇರೆಯವನನ್ನು ಕಳಿಸುತ್ತೇನೆ. ಚಕ್ರಪಾಣಿ ತೆರೆದ ಬಾಗಿಲಿನಿಂದ ನೋಡಿದ. ಮೆಟ್ಟಿಲ ಮೇಲೆ ಚೌಕಳಿ ಅಂಗಿಯ ಬೆನ್ನು. ಇಸ್ತ್ರಿಯ ಗೆರೆ ಇನ್ನೂ ಹಾಗೇ ಇತ್ತು. ಬೆನ್ನು ಏನನ್ನೂ ಕೇಳುತ್ತಿರಲಿಲ್ಲ. ಯಲ್ಲಯ್ಯನೂ ಬೆಂಚಿನ ಹತ್ತಿರ ಬಂದು ನಿಂತವನು ಏನೂ ಕೇಳದೆ ಹೋಗಿದ್ದ. ಯಾಕೆ ಇವರೆಲ್ಲ ಕೇಳುವುದಿಲ್ಲ, ಕೊರಳಪಟ್ಟಿ ಹಿಡಿದು ಯಾಕೆ ಕೇಳುವುದಿಲ್ಲ ಎಂದು ಅವನಿಗೆ ಎಂಥ ರೋಷ ಬಂತೆಂದರೆ, ಆ ರೋಷದಲ್ಲೇ ಮಾತು ಹೊರಬಿತ್ತು. ವೈರು ಸಡಿಲ ಇರಲಿಲ್ಲ, ನನಗೆ ಬಲಗಿವಿ ಕೇಳುವುದಿಲ್ಲ ಎಂದ.

ಏನಂದ್ರಿ ಸಾರ್, ಇಲ್ಲಿ ಗಲಾಟೆ, ಕೇಳ್ಲಿಲ್ಲ ಎಂದ ಸಂಜೀವಯ್ಯ.

ಬಲಗಿವಿ ಕೇಳುವುದಿಲ್ಲ ಎಂದು ಚಕ್ರಪಾಣಿ ಮತ್ತೆ ಹೇಳಿದ.

ಬಲಗಡೆದು ಕೇಳ್ತಿಲ್ವಾ, ಹಂಗಾದ್ರೆ ಸ್ಪೀಕರೇ ಹೋಗಿದೆ ಸಾರ್, ಬದಲಾಯಿಸಿ ಕೊಡ್ತೀನಿ ಎಂದ ಅವನು.

“ಸ್ಪೀಕರ್ ಅಲ್ಲಯ್ಯಾ, ಕಿವಿ! ನನ್ನ ಕಿವಿ! ಬಲಗಿವಿ ಕಿವುಡು ನಂಗೆ. ನಿಮ್ಮವನು ಕಟ್ಟಿದ್ದು ಒಂದೊಂದೂ ಸರಿಯಿದೆ. ಸುಳ್ಳು ಹೇಳಿದ್ದು ನಾನು. ಕೇಳಿಸ್ತಾ?”

ಕೇಳಿಸಿತು. ಅಂಗಡಿಗೆ ಕೇಳಿಸಿತು, ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಬಾಡಿಗೆಯವರಿಗೆ ಕೇಳಿಸಿತು, ಎದುರುಮನೆಯ ಲಕ್ಷ್ಮಮ್ಮ ಗೇಟಿನವರೆಗೆ ಬಂದು ನಿಂತರು. ಸಂಜೀವಯ್ಯ, ಆಯ್ತು ಸಾರ್, ಅವನನ್ನ ಮಧ್ಯಾಹ್ನವೇ ಬರೋಕೆ ಹೇಳಿ ಎಂದ. ಕೊನೆಯ ಆ ಸಾರ್ ಮೊದಲಿನದಕ್ಕಿಂತ ಮೆತ್ತಗಿತ್ತು, ರೋಗಿಗೆ ಹೇಳುವಂಥದ್ದು. ಅದನ್ನೂ ಚಕ್ರಪಾಣಿ ಎಡಗಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿಕೊಂಡ.

ಹೊರಗೆ ಬಂದ. ಸಂಗಮೇಶ ಎದ್ದು ತುಳಸಿಯ ಬುಡದಿಂದ ಚಪ್ಪಲಿ ತೆಗೆದು ಮಣ್ಣು ಕೊಡವುತ್ತಿದ್ದ. ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಕ್ಷಮಿಸಿದ ಕಳೆಯೂ ಇರಲಿಲ್ಲ. ತನ್ನ ಊರಿನ ಮಾತಿಗೆ ನಕ್ಕದ್ದು ಅವನಿಗೆ ನೆನಪಿತ್ತು. ನೆನಪಿದೆ ಎಂಬುದು ಕಾಣುತ್ತಿತ್ತು. ಆದರೂ ಹೋಗುವ ಮುಂಚೆ ಎಡಗಡೆಗೇ ಬಂದು, “ಕಿವಿಗಿ ಮಷೀನ್ ಬರ್ತಾವ್ರಿ. ನಮ್ಮ ಅವ್ವಗ ಹಚ್ಚೇವಿ” ಎಂದ.

“ಹಚ್ಸೋಕೆ ಎಷ್ಟಾಯ್ತು?” ಎಂದ ಚಕ್ರಪಾಣಿ. ಗದರಿದಂತೆಯೇ ಬಂತು ಮಾತು.

ಹದಿನಾಲ್ಕು ಸಾವಿರ ಎಂದ ಸಂಗಮೇಶ. ಗೇಟು ದಾಟಿ ಬಸ್ ಸ್ಟಾಪಿನ ಕಡೆ ನಡೆದ.

ಸಂಜೆ ಆಶ್ರಿತ್ ಬಂದು ಆಟ ಹಚ್ಚಿದ. ಐದು ಸ್ಪೀಕರೂ ಸರಿಯಾಗಿದ್ದವು. ಸಂಗಮೇಶನಿಗೆ ಕೆಲಸ ಉಳಿಯಿತು, ಒಂದೂವರೆ ದಿನದ ಸಂಬಳ ಹೋಯಿತು. ಚಕ್ರಪಾಣಿಗೆ ಬಲಗಿವಿ ಎಂದೋ ಹೋಗಿತ್ತು. ಅದು ಹೋಗಿಲ್ಲ ಎನ್ನುವ ಸೋಗು ಅವತ್ತು ಹೋಯಿತು.